ಅರವತ್ತನಾಲ್ಕರ ನಂತರದ ಗುಡ್ಡ

ನನ್ನ ದಿನಚರಿಯ ಕೊನೆಯ ಹಾಳೆಗಳಲ್ಲಿ ಕರೆಂಟ್ ಹೋದ ಲೆಕ್ಕವಿರುತ್ತದೆ. ತಾರೀಖು, ಹೋದ ಹೊತ್ತು, ಬಂದ ಹೊತ್ತು. ಪಿಯುಸಿ ಮೊದಲ ವರ್ಷದಿಂದ ಬರೆಯುತ್ತ ಬಂದಿದ್ದೇನೆ. ಬರೆ ಎಂದು ಯಾರೂ ಹೇಳಿದ್ದಲ್ಲ. ಮಳೆ ಬಂದ ದಿನಗಳು, ತಡವಾಗಿ ಬಂದ ಬಸ್ಸುಗಳು, ಅವ್ವ ಬಡಿದ ರೊಟ್ಟಿಗಳು, ಎಲ್ಲಕ್ಕೂ ಒಂದೊಂದು ಪುಟವಿದೆ. ಈ ವರ್ಷದ ಮಾರ್ಚ್ ತಿಂಗಳಲ್ಲಿ ಕರೆಂಟ್ ಹತ್ತೊಂಬತ್ತು ಸಲ ಹೋಯಿತು ಎಂದು ಆ ಹಾಳೆ ಹೇಳುತ್ತದೆ. ಹೋದದ್ದು ಹದಿನೆಂಟು ಸಲ. ಉಳಿದ ಒಂದನ್ನು ನಾನು ಹುಟ್ಟಿಸಿದೆ.

ನಮ್ಮದು ಶಹಾಪುರದ ಹಳೆಯ ಓಣಿ. ನಮ್ಮ ಮನೆಯಿಂದ ಎರಡು ಮನೆ ಬಿಟ್ಟು ಎದುರು ಸಾಲಿನಲ್ಲಿ ಚಾಚಾನ ಮನೆ. ಸಂಬಂಧಿಕರಲ್ಲ, ಓಣಿಯಲ್ಲಿ ಹುಟ್ಟಿದವರೆಲ್ಲ ಅವರನ್ನು ಚಾಚಾ ಎಂದೇ ಕರೆಯುತ್ತೇವೆ, ಅವರ ಹೆಂಡತಿಯನ್ನು ಚಾಚಿ ಎಂದು. ಹಿಂದೆ ಸುರಪುರದ ಬಸ್ ನಿಲ್ದಾಣದ ಹತ್ತಿರ ಅವರ ರೇಡಿಯೊ ರಿಪೇರಿ ಅಂಗಡಿ ಇತ್ತಂತೆ. ಈಗ ಎಪ್ಪತ್ತು ದಾಟಿದೆ. ಅಂಗಡಿ ಹೋಗಿ ಪಡಸಾಲೆಯಲ್ಲಿ ಒಂದು ಮೇಜು ಉಳಿದಿದೆ, ಅದರ ಮೇಲೆ ಸುತ್ತಲ ಹಳ್ಳಿಗಳ ಮಿಕ್ಸರು, ಫ್ಯಾನು, ಇಸ್ತ್ರಿಪೆಟ್ಟಿಗೆ. ದೂರದ್ದು ಅವರಿಗೆ ಹದ್ದಿಗೆ ಕಂಡಂತೆ ಕಾಣುತ್ತದೆ, ಹತ್ತಿರದ್ದು ಮಂಜು. ಆದರೂ ಬೆಸುಗೆ ಹಾಕುತ್ತಿದ್ದರು. ಆರಿದ ಮೇಲೆ ಹೆಬ್ಬೆರಳಿಂದ ಸವರಿ, ಕೂತಿದೆಯೋ ಇಲ್ಲವೋ ಹೇಳುತ್ತಿದ್ದರು.

"ಕಣ್ಣು ಮರೀತಾವ, ಕೈ ಮರೆಯಂಗಿಲ್ಲ ಬೇಟಾ," ಎಂಬುದು ಅವರ ಮಾತು. ಆ ಮಾತನ್ನು ನಾನು ಎರಡು ಸಲ ಬರೆದುಕೊಂಡಿದ್ದೇನೆ.

ನಾನು ಬಿ.ಎಸ್‌ಸಿ. ಎರಡನೇ ವರ್ಷದವಳು. ಕಾಲೇಜಿನ ಲ್ಯಾಬಿನಲ್ಲಿ ಒಂದು ಕಂಪ್ಯೂಟರಿನ ಮುಂದೆ ಏಳು ಜನ ನಿಲ್ಲುತ್ತೇವೆ, ನನ್ನ ಕೈಗೆ ಕೀಬೋರ್ಡು ಬಂದದ್ದು ಮೊದಲ ವರ್ಷದಲ್ಲಿ ಒಟ್ಟು ಐದು ಸಲ. ಅದನ್ನು ಒಮ್ಮೆ ಚಾಚಾನ ಮುಂದೆ ಹೇಳಿದೆ. ಅವರು ಮಂಚದ ಕೆಳಗಿನ ಟ್ರಂಕಿನಿಂದ ಬಟ್ಟೆ ಸುತ್ತಿದ ಒಂದು ಕಪ್ಪು ಡಬ್ಬಿ ತೆಗೆದರು. ಬುತ್ತಿಡಬ್ಬಿಯನ್ನು ಚಪ್ಪಟೆ ಮಾಡಿದಷ್ಟು, ಮೇಲೆಲ್ಲ ರಬ್ಬರಿನ ಗುಂಡಿಗಳು. ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲು ಅವರ ತಮ್ಮ ದುಬೈಯಿಂದ ತಂದುಕೊಟ್ಟ ಕಂಪ್ಯೂಟರು. ಪರದೆ ಇಲ್ಲ; ಹಳೆಯ ಡಬ್ಬಿ ಟಿವಿಗೆ ವೈರು ಸಿಕ್ಕಿಸಬೇಕು. ಬರೆದದ್ದನ್ನು ಉಳಿಸಲು ಒಳಗೆ ಜಾಗವಿಲ್ಲ. ಟೇಪ್ ರೆಕಾರ್ಡರಿಗೆ ಜೋಡಿಸಿ ಕ್ಯಾಸೆಟ್ಟಿಗೆ ತುಂಬಿಸಬೇಕು.

ಆ ರೆಕಾರ್ಡರಿನ, ಟೇಪನ್ನು ಓದಿ ಬರೆಯುವ ಹೆಡ್ ಸವೆದುಹೋಗಿತ್ತು. ಹೊಸದಕ್ಕೆ ಹೈದರಾಬಾದಿನ ಯಾರಿಗೋ ಹೇಳಿ ಕಳಿಸಿದ್ದರು. ಅದು ಬರುವವರೆಗೆ ಡಬ್ಬಿಯನ್ನು ಆರಿಸುವಂತಿಲ್ಲ. ಆರಿಸಿದರೆ ಬರೆದದ್ದೆಲ್ಲ ಹೋಗುತ್ತದೆ. ಅದಕ್ಕಾಗಿ ತಾವೇ ಕೈಯಾರೆ ಜೋಡಿಸಿದ ಇನ್ವರ್ಟರಿಗೆ ಅದನ್ನೂ ಟಿವಿಯನ್ನೂ ಹಾಕಿದ್ದರು. ಎರಡಕ್ಕೂ ಗೋಡೆಯ ಬೋರ್ಡಿನಲ್ಲಿ ಒಂದೇ ಸ್ವಿಚ್ಚು, ಅದರ ಮೇಲೆ ಕೆಂಪು ಟೇಪು.

"ಇದು ತಾಯಿ ಹೊಟ್ಟಿ ಇದ್ದಂಗ. ಮುಟ್ಟಬ್ಯಾಡ," ಎಂದರು ಚಾಚಾ.

ಚಾಚಿ ಒಳಗಿನಿಂದ, "ಕೇಳಿದೇನ್ ಪೋರಿ, ಮುದುಕರಿಗೆ ಈಗ ಬಸಿರು," ಎಂದು ನಕ್ಕರು.

ಬೇಸಿಕ್ ಎಂಬ ಆ ಡಬ್ಬಿಯ ಭಾಷೆ ಕಲಿಯಲು ಕೂತ ಮೊದಲ ದಿನ ಎರಡು ಸಾಲು. ಹತ್ತನೇ ಸಾಲು, ಪ್ರಿಂಟ್, ನನ್ನ ಹೆಸರು. ಇಪ್ಪತ್ತನೇ ಸಾಲು, ಹತ್ತಕ್ಕೆ ಹೋಗು. ರನ್ ಎಂದ ಕೂಡಲೆ ಟಿವಿಯ ತುಂಬ ನನ್ನ ಹೆಸರು ಮೇಲಕ್ಕೆ ಹರಿಯತೊಡಗಿತು. ನಿಲ್ಲಲಿಲ್ಲ.

"ಯಾವಾಗ ನಿಲ್ತದರಿ ಚಾಚಾ?"

"ನೀ ನಿಲ್ಲು ಅಂದಿಯೇನು? ಇಲ್ಲ. ಮತ್ತ ಅದು ಯಾಕ ನಿಲ್ತದ? ಇದಕ್ಕ ಬುದ್ಧಿ ಇಲ್ಲ, ಹುಕುಂ ಅಷ್ಟ ಗೊತ್ತು."

ನಿಲ್ಲಿಸಲು ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಬೇಕಿತ್ತು. ಅದರಲ್ಲಿ ಒಂದರ ರಬ್ಬರು ಸತ್ತಿತ್ತು. ಬಲಮೂಲೆಯಲ್ಲಿ ಉಗುರು ಊರಿ ಒತ್ತಿದರೆ ಮಾತ್ರ ಕೆಲಸ. ನನಗೆ ನಾಲ್ಕನೇ ಪ್ರಯತ್ನಕ್ಕೆ ಬಂತು. ಬರೆದಿಟ್ಟಿದ್ದೇನೆ: ನಾಲ್ಕು.

ಸಾಲುಗಳಿಗೆ ಒಂದು, ಎರಡು ಎಂದು ಕೊಡದೆ ಹತ್ತು, ಇಪ್ಪತ್ತು ಎಂದು ಯಾಕೆ ಕೊಡಬೇಕು ಎಂದು ಕೇಳಿದೆ. "ನಮ್ಮನ್ಯಾಗ ದಸ್ತರ್‌ಖಾನ್ ಹಾಸಿದಾಗ ನೋಡೀದಿಲ್ಲ? ಊಟಕ್ಕ ಕುಂತವ್ರ ನಡುವ ಒಬ್ಬರ ಜಾಗ ಬಿಟ್ಟಿರ್ತೀವಿ. ಹೊತ್ತಲ್ಲದ ಹೊತ್ತಿನ್ಯಾಗ ಯಾರರ ಬಂದ್ರ ಎಲ್ಲಿ ಕೂಡ್ಸಬೇಕು?" ಇಷ್ಟೇ ಉತ್ತರ. ಆಮೇಲೆ ನೆನಪಾದ ಸಾಲನ್ನು ನಡುವೆ ಸೇರಿಸಲು ಜಾಗ ಬೇಕು. ಕಾಲೇಜಿನಲ್ಲಿ ಒಂದು ವರ್ಷ ತಿಳಿಯದ್ದು ನನಗೆ ಆ ದಸ್ತರ್‌ಖಾನಿನ ಅಂಚಿನಲ್ಲಿ ತಿಳಿಯಿತು.

ಚಾಚಾನಿಗೆ ನಾನು ಬೇಕಾಗಿದ್ದೆ. ಅವರಿಗೆ ಗುಂಡಿಗಳ ಮೇಲಿನ ಅಕ್ಷರ ಕಾಣುತ್ತಿರಲಿಲ್ಲ, ಮತ್ತು ಅವರ ತಲೆಯಲ್ಲಿ ಒಂದು ಕೆಲಸವಿತ್ತು. ನಮ್ಮೂರಿನ ಗುಡ್ಡ ಮಲಗಿದ ಮನುಷ್ಯನಂತೆ ಕಾಣುತ್ತದೆ. ಮಲಗಿದ ಬುದ್ಧ ಎನ್ನುತ್ತಾರೆ. ಹಣೆ, ಮೂಗು, ಗದ್ದ, ಎದೆ, ಎಲ್ಲವೂ ಇದೆ. ಆ ಅಂಚನ್ನು ಚುಕ್ಕಿ ಚುಕ್ಕಿಯಾಗಿ ಟಿವಿಯ ಮೇಲೆ ಬರೆಸಬೇಕು, ಅದೂ ತಾವೇ ಅಳೆದ ಅಳತೆಯಿಂದ.

"ಫೋನಿನ್ಯಾಗ ಫೋಟೊ ಹೊಡದ್ರ ಮುಗೀತಲ್ರಿ?" ಎಂದೆ.

"ಫೋಟೊ ದಾರ್ಯಾಗ ಹೋಗೋರೂ ಹೊಡೀತಾರ. ಅರವತ್ತು ವರ್ಷ ನಾ ಅದನ್ನ ನೋಡಾಕತ್ತೀನಿ. ಒಂದ್ಸಲರ ಅಳೀಬೇಕಲ್ಲ."

ಅಳೆಯುವ ರೀತಿಯೂ ಅವರದೇ. ಮಾಳಿಗೆಯ ಕಟ್ಟೆಗೆ ಒಂದು ಪಟ್ಟಿ ಹೊಡೆದು ಅದರ ಮೇಲೆ ಬೆರಳಗಲಕ್ಕೊಂದು ಗುರುತು ಮಾಡಿದ್ದರು. ಗುರುತಿನ ಮೇಲೆ ಉಕ್ಕಿನ ಸ್ಕೇಲು ನಿಲ್ಲಿಸಬೇಕು. ಸ್ಕೇಲಿಗೆ ಒಂದು ದಾರ, ದಾರದ ತುದಿಗೆ ಗಂಟು. ಆ ಗಂಟನ್ನು ಹಲ್ಲಲ್ಲಿ ಕಚ್ಚಿ ದಾರ ಬಿಗಿಯಾಗುವಷ್ಟು ಹಿಂದೆ ಸರಿದರೆ ಕಣ್ಣಿಗೂ ಸ್ಕೇಲಿಗೂ ನಡುವಿನ ದೂರ ಪ್ರತಿ ಸಲ ಒಂದೇ ಆಗುತ್ತದೆ. ಸ್ಕೇಲಿಗೆ ಅವರು ದಪ್ಪ ದಪ್ಪ ಗೆರೆ ಎಳೆದಿದ್ದರು, ಮಸುಕಿನಲ್ಲೂ ಎಣಿಸಲು ಬರುವಂತೆ. ಗುಡ್ಡದ ಅಂಚು ಎಷ್ಟನೇ ಗೆರೆಗೆ ಬರುತ್ತದೆಂದು ನೋಡಿ, ಗಂಟು ಬಿಟ್ಟು, ಹೇಳುತ್ತಿದ್ದರು: "ಮೂವತ್ತೊಂದು." ನಾನು ಬರೆದುಕೊಳ್ಳಬೇಕು. ಬಿಸಿಲು ಬಲಿತರೆ ಗುಡ್ಡದ ಅಂಚು ನಡುಗುತ್ತದೆ. ಬೆಳಿಗ್ಗೆ ಅರ್ಧ ಗಂಟೆ ಮಾತ್ರ ಕೆಲಸ. ದಿನಕ್ಕೆ ಐದಾರು ಅಳತೆ. ಒಂದೊಂದನ್ನು ಮೂರು ಸಲ ನೋಡುತ್ತಿದ್ದರು.

ಅಳತೆಗಳನ್ನು ಮೊದಲು ಅದಕ್ಕೆಂದೇ ಇಟ್ಟ ಪುಸ್ತಕಕ್ಕೆ, ಆಮೇಲೆ ಡಬ್ಬಿಗೆ ಎಂಬುದು ಅವರ ಕಟ್ಟುನಿಟ್ಟು. ಹೆಡ್ ಬರುವವರೆಗೆ ಪುಸ್ತಕವೇ ನಮ್ಮ ಕ್ಯಾಸೆಟ್ಟು ಎಂದಿದ್ದರು. ಹನ್ನೆರಡು ದಿನ ಹಾಗೆಯೇ ಮಾಡಿದೆ. ಅರವತ್ತನಾಲ್ಕು ಅಳತೆ ಪುಸ್ತಕದಲ್ಲಿವೆ, ಹಣೆಯಿಂದ ಗದ್ದದ ಕೆಳಗಿನವರೆಗೆ, ನೀಟಾಗಿ ಎರಡು ಕಾಲಂ.

ಹದಿಮೂರನೆಯ ದಿನ ಪುಸ್ತಕ ಮನೆಯಲ್ಲಿ ಮರೆತೆ. ಮೇಜಿನ ಪಕ್ಕ ರಿಪೇರಿಯ ಲೆಕ್ಕಕ್ಕೆ ತೂಗುಹಾಕಿದ್ದ ಪಾಟಿ ತೆಗೆದುಕೊಂಡು ಬಳಪದಲ್ಲಿ ಬರೆದೆ, ಇಳಿದು ಬಂದು ಡಬ್ಬಿಗೆ ಒತ್ತಿದೆ, ಪಾಟಿ ಒರೆಸಿದೆ. ಎಷ್ಟು ಹಗುರವಾಯಿತು! ಮರುದಿನವೂ ಪಾಟಿಯನ್ನೇ ಹಿಡಿದೆ. ಡಬ್ಬಿಯಲ್ಲಿ ಲಿಸ್ಟ್ ಎಂದರೆ ಎಲ್ಲ ಸಾಲೂ ಕಾಣುತ್ತವಲ್ಲ, ಒಂದು ಭಾನುವಾರ ಕೂತು ಒಟ್ಟಿಗೆ ಪುಸ್ತಕಕ್ಕೆ ಇಳಿಸಿದರಾಯಿತು ಎಂದುಕೊಂಡೆ. ದಿನಚರಿಯಲ್ಲಿ ಮಾತ್ರ ಪ್ರತಿದಿನ ಬರೆದೆ. "ಇಂದು 5. ಒಟ್ಟು 69." "ಇಂದು 6. ಒಟ್ಟು 75." ಎಷ್ಟು ಎಂಬುದನ್ನು ಬರೆದೆ, ಏನು ಎಂಬುದನ್ನು ಬರೆಯಲಿಲ್ಲ. ಪುಟ ತುಂಬಿದೆ ಎಂದು ಕಂಡರೆ ನನಗೆ ಕೆಲಸ ಆದಂತೆಯೇ ಅನ್ನಿಸುತ್ತದೆ. ಇದು ನನ್ನ ಹಳೆಯ ರೋಗ.

ಚಾಚಾ ವಾರಕ್ಕೊಮ್ಮೆ ಕೇಳುತ್ತಿದ್ದರು. "ಪುಸ್ತಕದಾಗ ಬರದೀದಿಲ್ಲ?"

"ಹೂಂರಿ ಚಾಚಾ, ದಿನಾ ಬರೀತೀನಿ."

ಪೂರ್ತಿ ಸುಳ್ಳಲ್ಲ ಎಂದು ನನಗೆ ನಾನೇ ಹೇಳಿಕೊಂಡದ್ದು ಆರು ಸಲ. ಅಷ್ಟರಲ್ಲಿ ನಾನೂ ಅಷ್ಟಿಷ್ಟು ಕಲಿತಿದ್ದೆ. ಗುಡ್ಡದ ಸಾಲುಗಳು ಮುಗಿದ ಮೇಲೆ, ಐದು ಸಾವಿರದ ಸಾಲಿನಿಂದ ಮುಂದೆ, ಚಾಚಾನಿಗೆ ಹೇಳದೆ ನನ್ನದೇ ಒಂದು ಆಟ ಬರೆದೆ. ಡಬ್ಬಿ ಮನಸ್ಸಿನಲ್ಲಿ ಒಂದು ಸಂಖ್ಯೆ ಇಟ್ಟುಕೊಳ್ಳುತ್ತದೆ, ಹತ್ತು ಸಲದೊಳಗೆ ನಾವು ಊಹಿಸಬೇಕು. ಗೆದ್ದರೆ ಹಾಡು. ಹಾಡೆಂದರೆ ಯಾದಗಿರಿ ದಾರಿಯ ಖಾಸಗಿ ಬಸ್ಸೊಂದರ ಹಾರ್ನು. ಆ ಏಳು ಸ್ವರಗಳನ್ನು ಕೂಡಿಸಲು ನನಗೆ ಮೂರು ಮಧ್ಯಾಹ್ನ ಹಿಡಿದವು. ಹಾರ್ನು ಮುಗಿದ ಮೇಲೆ ಆಟದ ಮೊದಲಿಗೆ ಹೋಗು ಎನ್ನಬೇಕಿತ್ತು. ನಾನು ಹಾರ್ನಿನ ಮೊದಲಿಗೆ ಹೋಗು ಎಂದು ಬರೆದಿದ್ದೆ. ಅದುವರೆಗೆ ಒಮ್ಮೆಯೂ ಗೆದ್ದಿರಲಿಲ್ಲವಾಗಿ ಅದು ಗೊತ್ತಾಗಿರಲಿಲ್ಲ.

ಮಾರ್ಚ್ ಮೂರನೆಯ ವಾರ. ಡಬ್ಬಿ ಹಚ್ಚಿಟ್ಟು ನಲವತ್ತೊಂದನೆಯ ದಿನ, ಅಳತೆ ಒಟ್ಟು ಇನ್ನೂರ ಹನ್ನೆರಡು. ಗುಡ್ಡದ ಪಾದ ಮಾತ್ರ ಉಳಿದಿತ್ತು. ಅಂದು ಬೆಳಿಗ್ಗೆ ಓಣಿಯ ತುದಿಮನೆಯ ದರ್ಜಿ ತೀರಿಕೊಂಡರು. ಚಾಚಾನ ಜೊತೆ ಗೋಲಿ ಆಡಿ ಬೆಳೆದವರು. ನಮ್ಮ ಓಣಿಯಲ್ಲಿ ಯಾರ ಮನೆಯಲ್ಲೇ ಸಾವಾಗಲಿ, ಅವರ ಜಾತಿ ಯಾವುದೇ ಇರಲಿ, ಎತ್ತುವತನಕ ಯಾರೂ ಒಲೆ ಹಚ್ಚುವುದಿಲ್ಲ, ಟಿವಿ ಹಾಕುವುದಿಲ್ಲ. ನಮ್ಮ ಮನೆಯಲ್ಲೂ ಅಂದು ಮೊದಲೇ ಬಡಿದು ಒಣಗಿಸಿಟ್ಟ ಕಟಕ ರೊಟ್ಟಿ, ಶೇಂಗಾ ಹಿಂಡಿ, ಮೊಸರು.

ಚಾಚಾ ಬೆಳಿಗ್ಗೆಯೇ ಆ ಮನೆಗೆ ಹೋದರು. ಚಾಚಿ ನನ್ನನ್ನು ಕರೆದು, "ಬೇಟಿ, ನಾನೂ ಹೆಂಗಸರ ಕೂಡ ಕುಂದ್ರಾಕ ಹೋಗ್ತೀನಿ. ಈ ನಿಮ್ಮ ಚಾಚಾನ ಬಾಣಂತಿ ಹತ್ರ ನೀ ಇರು. ಬೆಕ್ಕು ಬಂದು ವೈರ್ ಎಳದೀತು," ಎಂದರು.

ಟಿವಿಯ ಬೆಳಕು ಓಣಿಗೆ ಬೀಳದಂತೆ ಬಾಗಿಲು ಅರೆ ಮುಚ್ಚಿ ಕೂತೆ. ಒಂದು ತಾಸು ಸುಮ್ಮನಿದ್ದೆ. ಆಮೇಲೆ ಐದು ಸಾವಿರದಿಂದ ರನ್ ಎಂದೆ. ಊಹಿಸುವಾಗ ಸದ್ದಿಲ್ಲವಲ್ಲ, ಯಾರಿಗೆ ಕೇಳುತ್ತದೆ? ಅಂದು ಮೊದಲ ಸಲ, ಒಂಬತ್ತನೆಯ ಊಹೆಗೆ, ಗೆದ್ದೆ.

ಹಾರ್ನು ಶುರುವಾದಾಗ ಶವ ಹೊತ್ತ ಜನಾಜಾ ದರ್ಜಿಯ ಮನೆಯಿಂದ ಹೊರಟು ಓಣಿಯಲ್ಲಿ ಬರುತ್ತಿತ್ತು. ಮಧ್ಯಾಹ್ನದ ನಮಾಜಿಗೆ ಮಸೀದಿಗೆ ಒಯ್ಯುತ್ತಿದ್ದರು. ಬ್ಯಾಂಡಿಲ್ಲ, ಭಜನೆಯಿಲ್ಲ. ಕಾಲ ಸಪ್ಪಳ, ತುಟಿಯೊಳಗಿನ ಕಲ್ಮಾ, ಅಷ್ಟೇ. ಅದರ ನಡುವೆ ಯಾದಗಿರಿ ಬಸ್ಸಿನ ಹಾರ್ನು. ಟಿವಿ ಆರಿಸಿದೆ. ಸದ್ದು ನಿಲ್ಲಲಿಲ್ಲ, ಅದು ಬರುತ್ತಿದ್ದದ್ದು ಡಬ್ಬಿಯ ಹೊಟ್ಟೆಯಿಂದ. ಎರಡು ಗುಂಡಿ ಒತ್ತಿದೆ. ಸತ್ತ ಗುಂಡಿಯ ಯಾವ ಮೂಲೆ ಎಂಬುದು ಮರೆತೇಹೋಯಿತು. ಮುಗಿದ ಹಾರ್ನು ಮತ್ತೆ ಮೊದಲಿಗೆ ಹೋಯಿತು. ಎದುರುಮನೆಯ ಅಜ್ಜಿ ಕಿಟಕಿಯಿಂದ, "ಯಾರವ್ವಾ ಅದು, ಎದ್ಯಾಗ ದೇವ್ರಿಲ್ಲೇನ್ ನಿಮಗ?" ಎಂದದ್ದು ಕೇಳಿತು. ಅರೆತೆರೆದ ಬಾಗಿಲಲ್ಲಿ ಮೊದಲ ಹೆಗಲುಗಳು ಕಂಡವು. ಅದರಲ್ಲಿ ಒಂದು ಚಾಚಾನದು.

ಕೆಂಪು ಟೇಪಿನ ಸ್ವಿಚ್ಚು ಒತ್ತಿದೆ.

ಎಷ್ಟು ನಿಶ್ಶಬ್ದವಾಯಿತೆಂದರೆ ಚಪ್ಪಲಿಗಳನ್ನು ಎಣಿಸಬಹುದಿತ್ತು. ಜನಾಜಾ ದಾಟಿಹೋದ ಮೇಲೆ ಮತ್ತೆ ಸ್ವಿಚ್ಚು ಹಾಕಿ, ಟಿವಿಯನ್ನೂ ಹಚ್ಚಿದೆ. ಟಿವಿಯ ಬಿಳಿ ಪರದೆಯ ಅಡಿಯಲ್ಲಿ ಡಬ್ಬಿಯ ಒಂದೇ ಒಂದು ಸಾಲು, ಈಗಷ್ಟೇ ಹುಟ್ಟಿದಂತೆ. ಲಿಸ್ಟ್ ಎಂದೆ. ಏನೂ ಇಲ್ಲ. ಮತ್ತೊಮ್ಮೆ ಲಿಸ್ಟ್ ಎಂದೆ. ನನ್ನ ಫೋನು ಪಕ್ಕದಲ್ಲೇ ಬಿದ್ದಿತ್ತು. ಅದರಲ್ಲಿ ನನ್ನ ಆಟದ ಫೋಟೊ ಹನ್ನೊಂದು ಇದ್ದವು. ಗುಡ್ಡದ ಸಾಲುಗಳದು ಒಂದೂ ಇರಲಿಲ್ಲ.

ಚಾಚಾ ದಫನ್ ಮುಗಿಸಿ ನಾಲ್ಕಕ್ಕೆ ಬಂದರು. ಕೈಗೆ ಮಣ್ಣು. ತೊಳೆಯುವ ಮೊದಲೇ ಪರದೆ ನೋಡಿ ನಿಂತರು. ಹತ್ತಿರದ್ದು ಮಸುಕಾದರೂ ಖಾಲಿ ಎಂಬುದು ಕಾಣುತ್ತದೆ.

"ಏನಾತು?"

"ಕರೆಂಟ್ ಹೋಗಿತ್ರಿ ಚಾಚಾ," ಎಂದೆ. ನಾಲಿಗೆ ತಾನೇ ಮುಂದೆ ಹೋಯಿತು. "ನಾಕೇ ನಿಮಿಷ. ಇನ್ವರ್ಟರ್ ಕುಂಯ್ ಕುಂಯ್ ಅಂತ ಒದರಿ ಬಂದ್ ಆತು."

"ಹಾಂ. ಅದೇನು ಆ ಸಪ್ಪಳ. ನಾ ಬಸ್ ಅಂದ್ಕೊಂಡಿದ್ದೆ." ಪರದೆಯ ಹತ್ತಿರ ಬಗ್ಗಿ ನೋಡಿದರು. ಆಮೇಲೆ, "ಹೋಗ್ಲಿ ಬಿಡು. ಪುಸ್ತಕ ಅದಲ್ಲ," ಎಂದರು.

ಪುಸ್ತಕದಲ್ಲಿ ಅರವತ್ತನಾಲ್ಕೇ ಇವೆ ಎಂದು ಆಗ ಹೇಳಿದೆ. ಅಳುತ್ತಲೇ ಹೇಳಿದೆ. ಉಳಿದ ನೂರ ನಲವತ್ತೆಂಟು ಪಾಟಿಯ ಮೇಲೆ ಬರೆದು ಒರೆಸಿದ್ದೆ ಎಂದೂ ಹೇಳಿದೆ. ಅವರು ಬೈಯಲಿಲ್ಲ. ಮಣ್ಣಿನ ಕೈಯನ್ನು ನನ್ನ ತಲೆಯ ಹತ್ತಿರ ತಂದು, ಮುಟ್ಟದೆ ಹಿಂತೆಗೆದುಕೊಂಡರು.

"ನಿಂದು ಬರೀ ಆಲಸಿತನ, ಬೇಟಾ. ತಪ್ಪು ನಂದು. ಇನ್ವರ್ಟರ್ ಕಟ್ಟಿದ ಕೈ ನಂದಲ್ಲ?"

ಸಣ್ಣ ತಪ್ಪು ಒಪ್ಪಿಕೊಂಡು ಕ್ಷಮೆ ಪಡೆದೆ. ದೊಡ್ಡದು ಅದರ ಬೆನ್ನ ಹಿಂದೆ ಕೂತಿತು. ಮನೆಗೆ ಬಂದು ಕರೆಂಟಿನ ಹಾಳೆಯಲ್ಲಿ ಬರೆದೆ: 12:50ಕ್ಕೆ ಹೋಯಿತು, 12:54ಕ್ಕೆ ಬಂತು. ಯಾರಾದರೂ ಕೇಳಿದರೆ ತೋರಿಸಲು. ಯಾರೂ ಕೇಳಲಿಲ್ಲ. ನನ್ನ ಹಾಳೆಯನ್ನು ಓದುವವಳು ನಾನೊಬ್ಬಳೇ.

ಮರುದಿನದಿಂದ ಚಾಚಾ ಇನ್ವರ್ಟರು ಬಿಚ್ಚಿ ಕೂತರು. ಒಂದೊಂದು ಬೆಸುಗೆಯನ್ನೂ ಹೆಬ್ಬೆರಳಿಂದ ಸವರಿದರು. ಎಲ್ಲವೂ ಸರಿಯಿದ್ದವು, ಆದರೂ ಕಿತ್ತು ಮತ್ತೆ ಹಾಕಿದರು. ಮೂರನೆಯ ದಿನ ಬ್ಯಾಟರಿಗೆ ನೀರು ತುಂಬಿದರು. ಐದನೆಯ ದಿನ ಅದನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಯಾದಗಿರಿಗೆ ಹೊರಟರು. ಜೊತೆಗೆ ಬಾ ಎಂದರು. ಆ್ಯಸಿಡ್ ಚೆಲ್ಲುತ್ತದೆಂದು ಕಂಡಕ್ಟರ್ ಬಸ್ಸಿಗೆ ಹತ್ತಿಸಿಕೊಳ್ಳಲಿಲ್ಲ. ಹಂಚಿಕೊಂಡು ಹೋಗುವ ಆಟೊದಲ್ಲಿ, ಕಾಲ ನಡುವೆ ಬ್ಯಾಟರಿ ಇಟ್ಟುಕೊಂಡು ಕೂತೆವು. ಯಾದಗಿರಿಯ ಬ್ಯಾಟರಿ ಅಂಗಡಿಯವನು ಆರು ಬಾಯಿಗೂ ಗಾಜಿನ ಕೊಳವೆ ಬಿಟ್ಟು ನೋಡಿದ.

"ಇದು ನಿಮಗಿಂತ ಗಟ್ಟಿ ಅದರಿ ಯಜಮಾನ್ರ. ಇನ್ನೂ ಎರಡು ವರ್ಷ ಚಿಂತಿಲ್ಲ."

ಚಾಚಾ ನಗಲಿಲ್ಲ. ವಾಪಸು ಬರುವಾಗ ದಾರಿಯುದ್ದಕ್ಕೂ ಅವರು ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜುತ್ತಲೇ ಇದ್ದರು, ಅಲ್ಲಿ ಏನೋ ಕಳೆದುಹೋದಂತೆ. "ಬ್ಯಾಟರಿ ಛಲೋ ಅದ. ಜೋಡಣಿ ಛಲೋ ಅದ. ಹಂಗಾದ್ರ ನನಗ ಕಾಣದ ತಪ್ಪು ಎಲ್ಲೋ ಅದ," ಎಂದರು. ಆ ಆಟೊದಲ್ಲಿ ಹೇಳಬಹುದಿತ್ತು. ವಡಗೇರಾಕ್ಕೆ ಹೋಗುವ ಮದುವೆಯ ಜನ ಯಾದಗಿರಿ ಬಸ್‌ಸ್ಟ್ಯಾಂಡಿನಲ್ಲಿ ಆಟೊ ತುಂಬ ಹತ್ತಿ ಜಗಳ ತೆಗೆದಿದ್ದರು, ಗದ್ದಲವಿತ್ತು ಎಂದು ನೆಪ ಬರೆದುಕೊಂಡಿದ್ದೇನೆ. ನಡುದಾರಿಯ ಕೂಡುರಸ್ತೆಯಲ್ಲಿ ಅವರು ಇಳಿದ ಮೇಲೂ ದಾರಿ ಉದ್ದವಿತ್ತು.

ಆರನೆಯ ದಿನ ಒಬ್ಬರ ಇಸ್ತ್ರಿಪೆಟ್ಟಿಗೆಯನ್ನು ರಿಪೇರಿ ಮಾಡದೆ ವಾಪಸು ಕಳಿಸಿದರು. ಏಳನೆಯ ದಿನ ಒಂದು ಫ್ಯಾನು. ಒಂಬತ್ತನೆಯ ದಿನ ಇನ್ನೊಂದು ಫ್ಯಾನು. ಯಾರು, ಯಾವ ಓಣಿ, ಏನು ಸಾಮಾನು, ಎಲ್ಲವನ್ನೂ ಬರೆದುಕೊಂಡೆ, ಯಾಕೆಂದು ಗೊತ್ತಿರಲಿಲ್ಲ. ಹನ್ನೊಂದನೆಯ ದಿನ ಪಕ್ಕದೂರು ಸಗರದಿಂದ ಒಬ್ಬ ಹೆಂಗಸು ಮಿಕ್ಸರು ಹೊತ್ತು ತಂದಿದ್ದಳು.

"ಬ್ಯಾರೆ ಕಡಿ ತೋರ್ಸವ್ವ," ಎಂದರು ಚಾಚಾ. "ನನ್ನ ಕೈ ಈಗ ನೆಚ್ಚಿಗಿ ಇಲ್ಲ. ಕರೆಂಟಿನ ಕೆಲಸ. ನಿಮ್ಮ ಮನ್ಯಾಗ ಸಣ್ಣ ಮಕ್ಕಳಿರ್ತಾವ."

"ಏಸು ವರ್ಷದಿಂದ ನಿಮ್ಹತ್ರಾನೇ ತರ್ತೀನಲ್ರಿ?"

"ಅದಕ್ಕ ಹೇಳಾಕತ್ತೀನಿ."

ಅವಳು ಹೊರಟುಹೋದಳು. ಚಾಚಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನ ಕಡೆ ನೋಡಿದರು. "ಐವತ್ತು ವರ್ಷಾತು ಈ ಮನಿಷ್ಯಾನ ನೋಡಾಕತ್ತು. ಜ್ವರ ಬಂದಾಗೂ ಮೇಜು ಬಿಟ್ಟಿಲ್ಲ. ಇನ್ವರ್ಟರಿಗೆ ಯಾರ ಕಣ್ಣು ಬಿತ್ತೋ."

ಆಗ ಹೇಳಿದೆ. ನಿಂತುಕೊಂಡೇ, ಸಾಲಾಗಿ, ಒಂದೂ ಬಿಡದೆ ಹೇಳಿದೆ: ಆಟ, ಹಾರ್ನು, ಟಿವಿ, ಸತ್ತ ಗುಂಡಿ, ಕೆಂಪು ಟೇಪು. ಕರೆಂಟಿನ ಹಾಳೆ ತೆಗೆದು ಸುಳ್ಳು ಸಾಲನ್ನೂ ತೋರಿಸಿದೆ. ಚಾಚಾನಿಗೆ ಹತ್ತಿರದ ಅಕ್ಷರ ಕಾಣುವುದಿಲ್ಲವೆಂದು ನೆನಪಾಗಿ ನಾನೇ ಓದಿದೆ. "ಹನ್ನೆರಡು ಐವತ್ತಕ್ಕ ಹೋತು, ಐವತ್ನಾಕಕ್ಕ ಬಂತು."

ಚಾಚಿ, "ಯಾ ಅಲ್ಲಾ," ಎಂದು ಕೂತುಬಿಟ್ಟರು. ಚಾಚಾ ಮೇಜಿನಿಂದ ನನ್ನ ಕಡೆ ತಿರುಗಿದರು. ಗೆಳೆಯನ ಜನಾಜಾದ ಮೇಲೆ ನಾನು ಊದಿದ ಹಾರ್ನಿಗೆ ಬೈಯುತ್ತಾರೆ ಎಂದುಕೊಂಡೆ. ಅದರ ಮಾತೇ ಬರಲಿಲ್ಲ.

"ಇವತ್ತಿಗೆ ಎಷ್ಟು ದಿನಾತು?"

"ಹನ್ನೊಂದ್ರಿ."

"ಹನ್ನೊಂದು ದಿನ ನಾ ನನ್ನ ಕೈ ಮ್ಯಾಲ ಶಕ್ ಮಾಡೀನಿ. ಅದನ್ನ ಬರಕೊಂಡಿಯೇನು?"

ಬರೆದುಕೊಂಡಿರಲಿಲ್ಲ. ಯಾದಗಿರಿಗೆ ಹೋದ ಹೊತ್ತು, ಬಂದ ಹೊತ್ತು, ವಾಪಸು ಹೋದ ಸಾಮಾನು, ಎಲ್ಲ ಇತ್ತು. ಅದು ಇರಲಿಲ್ಲ.

"ಮನಿಗಿ ಹೋಗು," ಎಂದರು.

ಆರು ದಿನ ಅವರು ನನ್ನನ್ನು ಕರೆಯಲಿಲ್ಲ. ಅವ್ವನಿಗೂ ಹೇಳಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಮಂದಿ ಮನಿ ಮಿಕ್ಸರ್ ಯಾರು ತರೋರು? ನಿನ್ನ ಪುಸ್ತಕ ತರ್ತದೇನು?" ಎಂದಳು. ಆಗ ಆ ಪಟ್ಟಿ ಯಾಕೆ ಬರೆದೆ ಎಂಬುದು ಹೊಳೆಯಿತು. ಮನೆಮನೆಗೆ ಹೋದೆ. ಚಾಚಾನ ಕೈಯಲ್ಲಿ ದೋಷವಿಲ್ಲ, ನಾನು ಸುಳ್ಳು ಹೇಳಿದ್ದೆ ಎಂದು ಪ್ರತಿ ಬಾಗಿಲಲ್ಲೂ ಹೇಳಬೇಕಾಯಿತು. ಎರಡನೆಯ ಮನೆಯಲ್ಲಿ ಮಾತು ಸುಲಭವಾಗಲಿಲ್ಲ, ಮೂರನೆಯದರಲ್ಲೂ ಇಲ್ಲ. ಸಗರಕ್ಕೆ ಬಸ್ಸಿನಲ್ಲಿ ಹೋದೆ. ಆ ಹೆಂಗಸು ಮಿಕ್ಸರನ್ನು ಆಗಲೇ ಬೇರೆಲ್ಲೋ ರಿಪೇರಿ ಮಾಡಿಸಿದ್ದಳು. "ಛಲೋ ಆಗೇದವ್ವ, ಮತ್ತ್ಯಾಕ ಬಿಚ್ಚಿಸ್ಲಿ?" ಎಂದಳು. ನಾಲ್ಕರಲ್ಲಿ ಮೂರು ಸಾಮಾನು ಚಾಚಾನ ಮೇಜಿಗೆ ಮರಳಿದವು. ನಾನು ಅವನ್ನು ಹೊಸಿಲ ಒಳಗಿಟ್ಟು, ಮಾತಾಡದೆ ಬಂದೆ.

ಏಳನೆಯ ದಿನ ಬೆಳಿಗ್ಗೆ ಚಾಚಿಯನ್ನು ಕೇಳಿ ಅವರ ಮಾಳಿಗೆ ಹತ್ತಿದೆ. ಸ್ಕೇಲು, ದಾರ, ಪಟ್ಟಿ ಹಾಗೇ ಇದ್ದವು. ಗಂಟನ್ನು ಕಚ್ಚಿದೆ. ಅದರಲ್ಲಿ ಚಾಚಾನ ಹಲ್ಲಿನ ತಗ್ಗು ಇತ್ತು, ನನ್ನ ಹಲ್ಲು ಅಲ್ಲಿ ಸರಿಯಾಗಿ ಕೂಡಲಿಲ್ಲ. ಅವರು ಅಳೆದ ಮೊದಲಿನವನ್ನೇ ನೋಡಿದೆ, ತಾಳೆ ಹಾಕಲು. ಪುಸ್ತಕದಲ್ಲಿ ಮೂಗಿನ ತುದಿ ಮೂವತ್ತೊಂದು. ನನಗೆ ಬಂದದ್ದು ಇಪ್ಪತ್ತೆಂಟು. ಇನ್ನೊಮ್ಮೆ, ಇಪ್ಪತ್ತೆಂಟು. ಅದೇ ದಾರ, ಅದೇ ಸ್ಕೇಲು. ನಾನು ಅವರಿಗಿಂತ ಗಿಡ್ಡ. ನನ್ನ ಹಲ್ಲಿಗೂ ಕಣ್ಣಿಗೂ ಇರುವ ದೂರವೂ ಬೇರೆ. ಎಲ್ಲಿ ನೋಡಿದರೂ ಮೂರು ಗೆರೆ ಕಡಿಮೆ. ಆದರೂ ಅರವತ್ತೈದರಿಂದ ಶುರು ಮಾಡಿದೆ. ಪುಸ್ತಕದಲ್ಲಿ ಬರೆದೆ. ಅಂದು ನಾಲ್ಕು.

ಹತ್ತು ದಿನ ಒಬ್ಬಳೇ ಹತ್ತಿದೆ. ಹನ್ನೊಂದನೆಯ ದಿನ ಹಿಂದಿನಿಂದ ಮೆಟ್ಟಿಲ ಸದ್ದು. ಚಾಚಾ ಬಂದು, ನನ್ನನ್ನು ನೋಡದೆ, ಗುಡ್ಡ ನೋಡುತ್ತ ಕಟ್ಟೆಯ ಮೇಲೆ ಕೂತರು. ಗಂಟು ನನ್ನ ಬಾಯಲ್ಲಿತ್ತು. ಮಾತಾಡುವಂತಿರಲಿಲ್ಲ, ಅದು ಒಳ್ಳೆಯದೇ ಆಯಿತು.

"ಎಷ್ಟು?" ಎಂದರು.

ಗಂಟು ಬಿಟ್ಟು, "ಹತ್ತೊಂಬತ್ರಿ," ಎಂದೆ. "ಆದ್ರ ಮೂರು ಕೂಡಿಸ್ಬೇಕ್ರಿ ಚಾಚಾ. ನನ್ನ ಕಣ್ಣಿಗಿ ಮೂರು ಕಮ್ಮಿ ಬರ್ತದ. ಪ್ರೋಗ್ರಾಮಿನ್ಯಾಗ ಒಂದೇ ಸಾಲು ಬರದ್ರ ಎಲ್ಲಕ್ಕೂ ಮೂರು ಕೂಡ್ತದ, ಗುಡ್ಡ ಸರಿ ಆಗ್ತದ."

ಅವರು ಪುಸ್ತಕದ ಕಡೆ ಕೈ ತೋರಿಸಿದರು. "ನೀ ಕಂಡಿದ್ದೆಷ್ಟು?"

"ಹತ್ತೊಂಬತ್ತು."

"ಹತ್ತೊಂಬತ್ತೇ ಬರಿ. ಕಂಡಿದ್ದನ್ನ ಬರಿ. ಇನ್ನ ಮ್ಯಾಲ ಕೂಡಿಸೋದು ಬ್ಯಾಡ."

ಜೂನ್ ಹೊತ್ತಿಗೆ ಇನ್ನೂರ ಹನ್ನೆರಡಾದವು. ಪಾದವನ್ನೂ ಮುಗಿಸಿದೆ: ಇನ್ನೂರ ನಲವತ್ತು. ಪುಸ್ತಕ ನೋಡಿ ಎಲ್ಲವನ್ನೂ ಮತ್ತೆ ಡಬ್ಬಿಗೆ ಒತ್ತಿದೆ. ಹೈದರಾಬಾದಿನಿಂದ ಹೆಡ್ ಬಂತು, ಚಾಚಾ ತಾವೇ ಕೂಡಿಸಿದರು, ಹೆಬ್ಬೆರಳಿಂದ ಸವರಿದರು. ಎರಡು ಸಲ ಸವರಿದರು. ಮೊದಲು ಒಂದೇ ಸಲ ಸವರುತ್ತಿದ್ದರು. ಈಗ ಎಲ್ಲ ಕೆಲಸಕ್ಕೂ ಎರಡು ಸಲ. ಅದನ್ನು ನಾನು ಎಣಿಸುತ್ತೇನೆ, ಬರೆಯುವುದಿಲ್ಲ.

ಟಿವಿಯ ಮೇಲೆ ಗುಡ್ಡ ಎಡದಿಂದ ಬಲಕ್ಕೆ ಚುಕ್ಕಿ ಚುಕ್ಕಿಯಾಗಿ ಮೂಡುತ್ತದೆ. ಹಣೆ ಬರುತ್ತದೆ, ಮೂಗು ಬರುತ್ತದೆ, ಗದ್ದ ಬರುತ್ತದೆ. ಗದ್ದದ ಕೆಳಗೆ, ಅರವತ್ತನಾಲ್ಕಕ್ಕೂ ಅರವತ್ತೈದಕ್ಕೂ ನಡುವೆ, ಅಂಚು ಒಮ್ಮೆಲೆ ಮೂರು ಗೆರೆ ಕೆಳಗೆ ಬೀಳುತ್ತದೆ, ಕುತ್ತಿಗೆಗೆ ಏಟು ಬಿದ್ದಂತೆ. ನಿಜವಾದ ಗುಡ್ಡದಲ್ಲಿ ಅಲ್ಲಿ ಹಾಗೆ ಏನೂ ಇಲ್ಲ. ಓಣಿಯವರು ನೋಡಲು ಬಂದರು. ಎದುರುಮನೆಯ ಅಜ್ಜಿ ಪರದೆಗೆ ಮೂಗು ಹಚ್ಚಿ ನೋಡಿ, "ಇಲ್ಲ್ಯಾಕ ಮುರದೇದ?" ಎಂದಳು.

"ಅಲ್ಲೀತನ ನಾ ಅಳದೀನಿ," ಎಂದರು ಚಾಚಾ. "ಅಲ್ಲಿಂದ ಮುಂದ ಈಕಿ ಅಳದಾಳ."

ಅಷ್ಟೇ ಹೇಳಿದರು. ಅಜ್ಜಿ 'ಹೌದಾ' ಎಂದು ಎದ್ದುಹೋದಳು. ನಾನು ಕ್ಯಾಸೆಟ್ಟು ಹಾಕಿ, ರೆಕಾರ್ಡರಿನ ಗುಂಡಿ ಒತ್ತಿ, ಉಳಿಸಿದೆ. ಆಮೇಲೆ ಕೂತಲ್ಲಿಂದ ಏಳದೆ ಲಿಸ್ಟ್ ಎಂದು, ಇನ್ನೂರ ನಲವತ್ತನ್ನೂ ಪುಸ್ತಕದೊಡನೆ ಒಂದೊಂದಾಗಿ ತಾಳೆ ನೋಡಿದೆ.